ಒಳ್ಳೆಯಣ್ಣನ ಕಡಲೆಕಾಯಿ

ನಾನ್‌ಪು ಊರಿನಲ್ಲಿ ಸತ್ತವನೊಬ್ಬನಿಗೆ ಓಟು ಇತ್ತು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಊರಿನವರು ನಗುವುದಿಲ್ಲ. ಕುಲದ ಗುಡಿಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಮನೆಗೊಂದು ಕಡಲೆಕಾಯಿ. ಹಿರಿಯರ ಹೆಸರು ಕೆತ್ತಿದ ಹಲಗೆಗಳ ಮುಂದೆ ಬಟ್ಟೆ ಮುಚ್ಚಿದ ಎರಡು ಬಟ್ಟಲು. ಬಲಗಡೆಯದು ಹೌದು, ಎಡಗಡೆಯದು ಬೇಡ. ಬಟ್ಟೆಯ ಕೆಳಗೆ ಕೈ ತೂರಿಸಿ ಬೇಕಾದ ಕಡೆ ಹಾಕಿ ಬರುವುದು. ಊರಿರುವ ಕಿನ್ಮೆನ್ ದ್ವೀಪವನ್ನು ಸೈನ್ಯವೇ ಆಳುತ್ತಿದ್ದಾಗ, ಸಂಜೆ ದೀಪ ಹಚ್ಚಲಿಕ್ಕೂ ಅಪ್ಪಣೆ ಬೇಕಾಗಿದ್ದಾಗ ಕೂಡ ಈ ಬಟ್ಟಲುಗಳ ಕೆಲಸ ನಿಂತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ರಾಜಧಾನಿ ತೈಪೆಯಿಂದ ಬಂದವರು ಮೈಕು ಹಿಡಿದು ನಿಮಗೆ ಪ್ರಜಾಪ್ರಭುತ್ವ ತಂದಿದ್ದೇವೆ ಎಂದಾಗ ನಾನ್‌ಪುವಿನ ಮುದುಕರು ಬಾಯಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಂಡರು.

ಆ ಸತ್ತವನ ಕಡಲೆಕಾಯಿಯನ್ನು ಹಾಕುತ್ತಿದ್ದವಳು ಫಾಂಗ್ ಸೂಲಾನ್. ಊರಿಗೆಲ್ಲ ಸೂಲಾನತ್ತೆ. ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಮುದುಕಿಯಾದವಳು, ಕಡ್ಡಿ ಮೈ, ಗಟ್ಟಿ ದನಿ, ಬೆರಳ ತುಂಬ ಕಡಲ ಸಿಂಪಿಯ ಚಿಪ್ಪು ಕೊಯ್ದ ಗಾಯದ ಗೆರೆಗಳು.

ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಒಂದು ಬೆಳಿಗ್ಗೆ, ನೀರು ಇಳಿದ ಹೊತ್ತಿನಲ್ಲಿ ಅವಳು ಸಿಂಪಿ ಕೆರೆಯಲು ಹೋಗಿದ್ದಳು. ತೀರದ ಕೆಸರಿನಲ್ಲಿ ಆಳೆತ್ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಸಿಂಪಿ ಬೆಳೆಯುವುದು ಅವುಗಳ ಮೈಮೇಲೆ. ಮಂಜು ಕವಿದಿತ್ತು. ಕೊನೆಯ ಸಾಲಿನ ಕಲ್ಲಿಗೆ ಯಾರೋ ಒರಗಿ ಕೂತಿದ್ದರು. ದಣಿದವರಿರಬೇಕು ಅಂದುಕೊಂಡು ಸೂಲಾನ್, "ಏಳಿ, ನೀರು ಬರೋ ಹೊತ್ತಾಯ್ತು" ಅಂದಳು. ಏಳಲಿಲ್ಲ. ಹತ್ತಿರ ಹೋದರೆ ಮೈಮೇಲೆ ನೂಲೆಳೆಯೂ ಇಲ್ಲದ ಒಬ್ಬ ಹುಡುಗ. ಚಿಪ್ಪಿನ ಅಂಚುಗಳು ಅವನ ಮುಖವನ್ನು ಗುರುತು ಸಿಗದ ಹಾಗೆ ಕೆರೆದುಬಿಟ್ಟಿದ್ದವು. ಕೈಗಳು ಮಾತ್ರ ಚೆನ್ನಾಗಿದ್ದವು, ಹತ್ತು ಬೆರಳೂ ನೆಟ್ಟಗೆ, ಉದ್ದಕ್ಕೆ. ಕಡಲಿನಿಂದ ಬಂದ ಹೆಣವನ್ನು ಮೊದಲು ಕಂಡವರು ತಮ್ಮ ಮೈಮೇಲಿನ ಬಟ್ಟೆಯಿಂದಲೇ ಅದರ ಮುಖ ಮುಚ್ಚಬೇಕು, ಮುಚ್ಚಿದವರೇ ಅದರ ಮನೆಯವರು. ಆ ತೀರದ ಕಟ್ಟಳೆ ಅದು. ಅವಳು ತಲೆಗೆ ಕಟ್ಟಿದ್ದ ಹೂವಿನ ಬಟ್ಟೆ ಬಿಚ್ಚಿ ಮುಚ್ಚಿದಳು.

ಸೈನ್ಯದ ಅಧಿಕಾರಿ ಬಂದ. ಆಚೆ ದಡದ ಶಿಯಾಮೆನ್ ಶತ್ರುವಿನ ಊರು, ಅಲ್ಲಿಂದ ದಿನ ಬಿಟ್ಟು ದಿನ ಗುಂಡು ಬೀಳುತ್ತಿದ್ದ ಕಾಲ. ಶತ್ರುವಿನ ಹೆಣವಾದರೆ ಮತ್ತೆ ನೀರಿಗೆ ಎಸೆಯಬೇಕೆಂದು ಆಜ್ಞೆ.

"ನಮ್ಮವನೋ, ಆಚೆಯವನೋ?" ಎಂದು ಕೇಳಿದ.

"ಬಟ್ಟೆ ಇದ್ದಿದ್ರೆ ಹೇಳ್ಬೋದಿತ್ತು ಸಾಹೇಬ್ರೇ," ಅಂದ ಸೂಲಾನಳ ತಾತ. "ಬರಿಮೈಲಿ ಬಂದಿದಾನೆ. ಬರಿಮೈಗೆ ಯಾವ ದೇಶ ಅಂತ ಹೇಳೋದು?"

ಅಧಿಕಾರಿ ಮುಖ ಆಚೆ ತಿರುಗಿಸಿದ. ನಕ್ಕನೋ ಏನೋ, ಹೂಳಿಕೊಳ್ಳಿ ಅಂದು ಹೊರಟುಹೋದ. ಕೆಲವು ವರ್ಷ ಕಳೆದ ಮೇಲೆ ಪದ್ಧತಿಯಂತೆ ಮೂಳೆ ಎತ್ತಿ, ತೊಳೆದು, ಮಣ್ಣಿನ ಜಾಡಿಯಲ್ಲಿಟ್ಟು, ಗಾಳಿಮರಗಳ ಕೆಳಗೆ ಒಂದು ಪುಟ್ಟ ಗುಡಿ ಕಟ್ಟಿದರು. ಹೆಸರಿಲ್ಲದ ಸತ್ತವರನ್ನು ಆ ಕಡೆಯವರು ಭಯಕ್ಕೋ ಮರ್ಯಾದೆಗೋ ಒಳ್ಳೆಯ ಅಣ್ಣತಮ್ಮಂದಿರು ಎನ್ನುತ್ತಾರೆ. ಇವನು ಒಬ್ಬನೇ ಆದ್ದರಿಂದ ಒಳ್ಳೆಯಣ್ಣ. ಕುಲದ ಹಬ್ಬದೂಟದಲ್ಲಿ ಅವನಿಗೂ ಒಂದು ಬಟ್ಟಲು ಇಟ್ಟರು. ಊಟಕ್ಕೆ ಬಟ್ಟಲಿದ್ದವರದು ಒಂದು ಮನೆ, ಮನೆ ಅಂದಮೇಲೆ ಒಂದು ಕಡಲೆಕಾಯಿ ಎಂದು ತಾತ ತೀರ್ಪು ಕೊಟ್ಟ.

ಸೂಲಾನಳನ್ನು ನೋಡಲು ಬಂದ ಗಂಡಿನವರು ಒಬ್ಬೊಬ್ಬರಾಗಿ ಹಿಂದೆ ಸರಿದರು. "ಆ ಮನೇಲಿ ಆಗ್ಲೇ ಒಬ್ಬ ಇದಾನಲ್ಲ" ಅನ್ನುತ್ತಿದ್ದರಂತೆ. ಅವಳು ಅತ್ತಳು, ಆಮೇಲೆ ಅಳುವುದನ್ನು ಬಿಟ್ಟಳು. ಸಂಜೆ ಗುಡಿಯಲ್ಲಿ ಒಂದು ಲೋಟ ಚಹಾ ಇಟ್ಟು, ಊರಿನ ಸುದ್ದಿಯನ್ನೆಲ್ಲ ಜಾಡಿಗೆ ಒಪ್ಪಿಸಿ ಬರುವುದು ಅಭ್ಯಾಸವಾಯಿತು. ಬೆಳಿಗ್ಗೆ ನೋಡಿದರೆ ಆ ಚಹಾ ಉಪ್ಪಾಗಿರುತ್ತಿತ್ತು. ಮೊದಲ ಸಲ ನಾಲಿಗೆಗೆ ಹತ್ತಿದಾಗ ಅವಳು ಲೋಟ ಅಲ್ಲೇ ಬಿಟ್ಟು ಓಡಿಬಂದಿದ್ದಳು. ವರ್ಷ ಕಳೆಯುತ್ತ ಉಪ್ಪಾಗದ ದಿನವೇ ಅವಳಿಗೆ ಕಳವಳ. ಯಾರಿಗೂ ಹೇಳಲಿಲ್ಲ. ಒಂಟಿ ಮನೆಯಲ್ಲಿ ಇಷ್ಟು ವರ್ಷ ಅವಳಿಗೆ ಇದ್ದ ಜೊತೆ ಅಷ್ಟೇ, ಬೆಳಗಿನ ಆ ಉಪ್ಪು.

ಅವನ ಓಟನ್ನು ತನ್ನಿಷ್ಟದಂತೆ ಹಾಕುತ್ತಿರಲಿಲ್ಲ. ಅರ್ಧಚಂದ್ರದಂಥ ಎರಡು ಮರದ ತುಂಡು, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಪ್ರಶ್ನೆ ಕೇಳಿ ನೆಲಕ್ಕೆ ಎಸೆದಾಗ ಒಂದು ಚಪ್ಪಟೆ, ಒಂದು ಉಬ್ಬು ಕಂಡರೆ ಹೌದು. ಎರಡೂ ಉಬ್ಬಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ಸತ್ತವರು ನಗುತ್ತಿದ್ದಾರೆ ಎಂದರ್ಥ. ಮೂರು ಸಲ ಒಂದೇ ಸಮನೆ ಬಿದ್ದರೆ ಮಾತ್ರ ಅದು ಮಾತು. ಹೀಗೆ ಕೇಳಿಯೇ ಹಾಕುತ್ತಿದ್ದಳು. ಎಷ್ಟೋ ಸಲ ಅವನು ಅವಳಿಗೆ ವಿರುದ್ಧ ಹಾಕಿದ್ದುಂಟು. ಗಾಳಿಮರಗಳ ಹತ್ತಿರ ಬೀದಿದೀಪ ಬೇಕೇ ಅಂತ ಕೇಳಿದಾಗ ಬೇಡ ಅಂದ. ಇವತ್ತಿಗೂ ಅಲ್ಲಿ ಕತ್ತಲೆ.

"ಸರ್ಕಾರದ ಚುನಾವಣೇಲಿ ಸತ್ತೋರು ಓಟ್ ಹಾಕಿದ್ರೆ ಜೈಲು," ಎಂದು ಸಿಂಪಿ ವ್ಯಾಪಾರದ ಕಿಮ್‌ಸಿಂಗ್ ಪ್ರತಿ ಸಲ ಹೇಳುತ್ತಿದ್ದ. "ನಮ್ಮೂರಲ್ಲಿ ಹಾಕಿದ್ರೆ ಊಟ."

ಗುಂಡು ನಿಂತು, ಸೈನ್ಯ ತೆಳುವಾಗಿ, ದೋಣಿಗಳು ಓಡಾಡತೊಡಗಿ ಬಹಳ ಕಾಲವಾದ ಮೇಲೆ, ಮಂಜಿನ ತಿಂಗಳಲ್ಲಿ, ಆಚೆ ದಡದಿಂದ ಒಬ್ಬ ಮುದುಕಿ ಬಂದಳು. ಹೆಸರು ಹೊಂಗ್ ಮೇಚೂ. ಊರಿನ ಮುಖ್ಯಸ್ಥ ಬುನ್‌ಲೈ ಅವಳನ್ನು ನೇರ ಸೂಲಾನಳ ಮನೆಗೆ ಕರೆತಂದ.

"ಅತ್ತೆ, ಇವರು ಒಳ್ಳೆಯಣ್ಣನ ತಂಗಿ ಅಂತೆ," ಅಂದ. ಹೇಳುವಾಗ ಅವನು ಅತ್ತೆಯ ಮುಖ ನೋಡಲಿಲ್ಲ.

ಮೇಚೂ ಕಥೆ ಹೇಳಿದಳು. ಅದು ಹಸಿವಿನ ವರ್ಷ. ಈಚೆ ದಡದ ಧ್ವನಿವರ್ಧಕ ದಿನಾ ಸಂಜೆ ಇಲ್ಲಿಗೆ ಬಂದರೆ ಬಿಳಿ ಅನ್ನ ಎಂದು ಕೂಗುತ್ತಿತ್ತು. ಅಣ್ಣ ಆಖಿಮ್ ಒಂದು ಸಂಜೆ ಬಟ್ಟೆ ಬಿಚ್ಚಿ ತಂಗಿಯ ಕೈಗೆ ಕೊಟ್ಟ. ನಿನಗೂ ಅನ್ನ ತರ್ತೀನಿ ಅಂತ ಹೇಳಿ ನೀರಿಗಿಳಿದ. ಅವಳು ದಡದಲ್ಲಿ ಆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಈ ಗುಡಿಯ ವಿಷಯ ಪ್ರವಾಸಕ್ಕೆ ಬಂದುಹೋದವರಿಂದ ಅವಳಿಗೆ ಗೊತ್ತಾಗಿತ್ತು.

"ಅವನನ್ನ ಕಳಿಸಿಕೊಡಿ ಅಕ್ಕ. ಅಮ್ಮನ ಪಕ್ಕ ಇಡ್ತೀನಿ. ಸಾಯೋಕೆ ಮುಂಚೆ ಅಮ್ಮ ಕೇಳಿದ್ದು ಅದೊಂದೇ." ಅವಳ ತೊಡೆಯ ಮೇಲಿನ ಚೀಲದಲ್ಲಿ ಕಾಲಿಗೆ ಹಾಕುವ ಹೊಸ ಬಟ್ಟೆಜೋಡುಗಳಿದ್ದವು, ಕೈಯಿಂದ ಹೊಲಿದವು. ಅಣ್ಣನ ಅಳತೆ ಅಂದಳು.

ಸೂಲಾನಳಿಗೆ ಕಳಿಸಲಾರೆ ಎನ್ನಬೇಕೆನಿಸಿತು. ಆದರೆ ಆ ಜೋಡುಗಳ ಒತ್ತು ಹೊಲಿಗೆ ನೋಡಿ ಬಾಯಿ ಬರಲಿಲ್ಲ. "ನಾನೊಬ್ಬಳೇ ಹೇಳೋ ಮಾತಲ್ಲ ತಂಗಿ, ಊರು ಹೇಳ್ಬೇಕು," ಅಂದು ಚಹಾಕ್ಕೆ ನೀರಿಟ್ಟಳು.

ಊರು ಇಬ್ಭಾಗವಾಯಿತು. ಅವನು ಬಂದಮೇಲೆ ತೀರದಲ್ಲಿ ಯಾರೂ ಮುಳುಗಿಲ್ಲ, ಸಿಂಪಿ ಕೈಕೊಟ್ಟಿಲ್ಲ, ಕಳಿಸಿದರೆ ಕಡಲಿಗೆ ಏನು ಹೇಳುತ್ತೀರಿ ಎಂಬುದು ಕಿಮ್‌ಸಿಂಗ್‌ನ ಕಡೆ. ಒಡಹುಟ್ಟಿದವಳು ಬಂದು ಬಾಗಿಲಲ್ಲಿ ಕೂತಿರುವಾಗ ಇಟ್ಟುಕೊಳ್ಳುವುದು ಕಳ್ಳತನ ಎಂದು ಇನ್ನೊಂದು ಕಡೆ. ಕುಲದ ಗುಡಿಯಲ್ಲಿ ಮನೆಮನೆಯ ಕಡಲೆಕಾಯಿ ಬಿತ್ತು. ಸೂಲಾನ್ ತನ್ನದನ್ನು ಎಡಗಡೆಯ ಬಟ್ಟಲಿಗೆ ಹಾಕಿದಳು. ಹೋಗುವುದು ಬೇಡ. ನಾಚಿಕೆಯಾಯಿತು, ಆದರೂ ಹಾಕಿದಳು.

ಬುನ್‌ಲೈ ಬಟ್ಟೆ ತೆಗೆದು ಎಣಿಸಿದ. ಮತ್ತೆ ಎಣಿಸಿದ. ಎರಡೂ ಬಟ್ಟಲಲ್ಲಿ ಸರಿಸಮ.

"ಇನ್ನೊಂದು ಮನೆ ಉಳಿದಿದೆ," ಅಂದ. ಎಲ್ಲರೂ ಸೂಲಾನಳ ಕಡೆ ತಿರುಗಿದರು.

"ಅಲ್ಲಯ್ಯಾ, ತನ್ನ ವಿಷಯಕ್ಕೆ ತಾನೇ ಓಟ್ ಹಾಕೋದಾ?" ಅಂದ ಕಿಮ್‌ಸಿಂಗ್.

"ನೀನು ಸಹಕಾರ ಸಂಘಕ್ಕೆ ನಿಂತಾಗ ಯಾರಿಗೆ ಹಾಕಿದ್ದೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಗುಡಿ ತುಂಬ ನಗೆ.

ಸೂಲಾನ್ ಮಂಡಿಯೂರಿದಳು. ತುಂಡುಗಳನ್ನು ಹಣೆಗೊತ್ತಿ, "ಒಳ್ಳೆಯಣ್ಣಾ, ಮನೆಗೆ ಹೋಗ್ತೀಯಾ?" ಎಂದು ಎಸೆದಳು. ಎರಡೂ ಚಪ್ಪಟೆ. ನಗು. ಮತ್ತೆ ಎಸೆದಳು. ನಗು. ಮೂರನೆಯ ಸಲವೂ ಎರಡು ಚಪ್ಪಟೆ ಮೈಗಳು ಮೇಲೆ ನೋಡುತ್ತ ಮಲಗಿದವು. ಜನರ ನಗೆ ಅಡಗಿತ್ತು. ಬಾಗಿಲ ಹೊರಗೆ ಮಂಜು ಹೊಸ್ತಿಲಿನ ತನಕ ಬಂದು ನಿಂತಿತ್ತು, ಅಗರಬತ್ತಿಯ ಹೊಗೆ ಅದರ ಕಡೆಗೇ ಎಳೆದುಕೊಂಡು ಹೋಗುತ್ತಿತ್ತು.

"ಒಲ್ಲೆ ಅಂತ ನಗ್ತಿದಾನೆ. ಮುಗೀತಲ್ಲ," ಅಂದ ಕಿಮ್‌ಸಿಂಗ್. ಅವನ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

"ನಗು ಉತ್ತರ ಅಲ್ಲ," ಅಂದ ಬುನ್‌ಲೈ. "ಪ್ರಶ್ನೆ ಸರಿಯಿಲ್ಲ ಅಂತ. ಬದಲಾಯಿಸಿ ಕೇಳಿ ಅತ್ತೆ."

ಇಲ್ಲೇ ನನ್ನ ಜೊತೆ ಇರ್ತೀಯಾ? ಆ ಪ್ರಶ್ನೆ ಸೂಲಾನಳ ನಾಲಿಗೆಯ ತುದಿಯಲ್ಲಿತ್ತು. ಕೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕೇಳಲು ಬಾಯಿ ತೆರೆದಾಗ ಬೆಂಚಿನ ತುದಿಯಲ್ಲಿ ಕೂತ ಮೇಚೂ ಕಂಡಳು. ಜೋಡಿನ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ಅರವತ್ತು ವರ್ಷದ ಹಿಂದೆ ಅಣ್ಣನ ಬಟ್ಟೆಯನ್ನೂ ಹೀಗೇ ಹಿಡಿದು ನಿಂತಿದ್ದಿರಬೇಕು. ಇವನು ನಗುತ್ತಿರುವುದು ಯಾವ ಮಾತಿಗೆ? ಮನೆ ಅಂದದ್ದಕ್ಕೆ. ಅದು ಇವನ ಮನೆಯಲ್ಲ, ಇವನು ಅವಳ ಅಣ್ಣನಲ್ಲ. ಸೂಲಾನಳಿಗೆ ಅದು ಹೊಳೆಯಿತು. ಹೇಳಿಬಿಟ್ಟರೆ ಅವನು ತನಗೇ ಉಳಿಯುತ್ತಾನೆ. ಆ ಮುದುಕಿ ಬರಿಗೈಲಿ ದೋಣಿ ಹತ್ತುತ್ತಾಳೆ.

ಬಗ್ಗಿ, ನೆಲಕ್ಕೆ ಮಾತ್ರ ಕೇಳುವ ಹಾಗೆ ಅಂದಳು: "ಮನೆ ಮಾತು ಬಿಡು. ಈ ಹೆಂಗಸಿನ ಜೊತೆ ಹೋಗ್ತೀಯಾ? ಅವಳಿಗೆ ಅಣ್ಣ ಆಗ್ತೀಯಾ?"

ಒಂದು ಚಪ್ಪಟೆ, ಒಂದು ಉಬ್ಬು. ಮತ್ತೆ ಹಾಗೇ. ಮೂರನೆಯದೂ ಹಾಗೇ. ಅವಳು ಎದ್ದು ಅವನ ಕಡಲೆಕಾಯಿಯನ್ನು ಬಲಗಡೆಯ ಬಟ್ಟಲಿಗೆ ತಾನೇ ಹಾಕಿದಳು.

ಮರುದಿನ ಜಾಡಿ ತೆರೆದರು. ಮೂಳೆ ನೋಡುವ ಕಸುಬಿನವನು ಕೊಡೆಯ ನೆರಳಲ್ಲಿ ಚಾಪೆ ಹಾಸಿ, ಒಂದೊಂದನ್ನೇ ಒರೆಸಿ, ಮನುಷ್ಯ ಮಲಗಿದ ಹಾಗೆ ಜೋಡಿಸಿದ. ಕೈಗಳನ್ನು ಜೋಡಿಸಿದಾಗ ಮೇಚೂ ಎಡಗೈಯ ಹತ್ತಿರ ಕುಕ್ಕರಿಸಿದಳು. ಕಿರುಬೆರಳಿನಿಂದ ಹೆಬ್ಬೆರಳಿನ ತನಕ ಒಂದೊಂದನ್ನೇ ಮುಟ್ಟಿದಳು. ಮತ್ತೆ ಹೆಬ್ಬೆರಳಿನಿಂದ ಹಿಂದಕ್ಕೆ ಮುಟ್ಟುತ್ತ ಬಂದಳು.

"ಇವನೇ," ಅಂದಳು ಮೇಚೂ. "ನಮ್ಮಣ್ಣನೇ." ಚೀಲದೊಳಗಿನ ಜೋಡುಗಳನ್ನು ಮಾತ್ರ ಹೊರಗೆ ತೆಗೆಯಲಿಲ್ಲ.

ಆಮೇಲೆ ರಾಜತಂತ್ರ ಶುರುವಾಯಿತು. ಈ ದಡದ ಕಚೇರಿಯಿಂದ ಒಬ್ಬ ಕನ್ನಡಕದ ತರುಣಿ, ಆ ದಡದಿಂದ ಕೋಟು ಹಾಕಿದ ಒಬ್ಬ ಮಹಾಶಯ. ಸತ್ತವನು ಯಾವ ದೇಶದಲ್ಲಿ ಸತ್ತ ಎಂದು ಬರೆಯಬೇಕಿತ್ತು. ಅವಳು ಬರೆದ ದೇಶದ ಹೆಸರನ್ನು ಅವನು ಒಪ್ಪುವಂತಿರಲಿಲ್ಲ, ಅವನು ಹೇಳಿದ್ದನ್ನು ಅವಳು ಬರೆಯುವಂತಿರಲಿಲ್ಲ. ಇಬ್ಬರೂ ಬಹಳ ವಿನಯದಿಂದ ಒಬ್ಬರಿಗೊಬ್ಬರು ಕಡಲೆಮಿಠಾಯಿ ಕೊಟ್ಟುಕೊಳ್ಳುತ್ತ ಮಧ್ಯಾಹ್ನದ ತನಕ ಕೂತರು. ನೀರಿನಲ್ಲಿ ಸತ್ತ ಅಂದರೆ ನೀರು ಯಾರದು ಎಂಬ ಪ್ರಶ್ನೆ ಬಂತು. ಎರಡು ಸರ್ಕಾರ ಸೇರಿ ಒಂದು ಜಾಡಿಯನ್ನು ಎತ್ತಲಾರದೆ ಬೆವರುತ್ತಿದ್ದವು. ಕೊನೆಗೆ ಬುನ್‌ಲೈಗೆ ರೇಗಿತು.

"ಇದು ಹೆಣ ಅಲ್ಲ, ಮನೆಬಳಕೆಯ ಹಳೇ ಜಾಡಿ ಅಂತ ಬರೀರಿ," ಅಂದ. "ಜಾಡಿಗೆ ಯಾರೂ ದೇಶ ಕೇಳಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆನ್ನು ತೆಗೆದರು. ಬಂದಾಗ ಬಟ್ಟೆಯಿಲ್ಲದೆ ದೇಶ ತಪ್ಪಿಸಿಕೊಂಡವನು ಹೋಗುವಾಗ ಜಾಡಿಯಾಗಿ ತಪ್ಪಿಸಿಕೊಂಡ.

ಹೊರಡುವ ದಿನ ಬೆಳಿಗ್ಗೆ ಮೇಚೂ ಸಿಂಪಿ ಕಲ್ಲುಗಳ ಹತ್ತಿರ ಹೋಗಬೇಕು ಅಂದಳು. ಸೂಲಾನ್ ಕರೆದುಕೊಂಡು ಹೋದಳು. ನೀರು ಏರುತ್ತಿತ್ತು. ಮಂಜಿನಲ್ಲಿ ಮೊದಲ ಸಾಲಿನ ಕಲ್ಲುಗಳು ಮಾತ್ರ ಕಾಣುತ್ತಿದ್ದವು, ನಿಂತು ಕಾಯುವ ಜನರ ಹಾಗೆ.

"ಅಕ್ಕ, ನಿಮಗೂ ಗೊತ್ತಲ್ವಾ?" ಅಂದಳು ಮೇಚೂ, ನೀರಿನ ಕಡೆ ನೋಡುತ್ತ.

ಸೂಲಾನ್ ಬಗ್ಗಿ ಕೆಸರಿನಿಂದ ಒಂದು ಚಿಪ್ಪು ಎತ್ತಿಕೊಂಡಳು.

"ನಮ್ಮಣ್ಣನ ಎಡಗೈಲಿ ಮೂರೇ ಬೆರಳು. ಎಣ್ಣೆಗಾಣಕ್ಕೆ ಸಿಕ್ಕಿ ಎರಡು ಹೋಗಿದ್ವು. ಜಾಡೀಲಿರೋನಿಗೆ ಐದೂ ಇವೆ."

"ಮತ್ತೆ ಇವನೇ ಅಂದ್ಯಲ್ಲ ತಂಗಿ?"

"ಇವನೂ ಯಾರೋ ಒಬ್ಬಳ ಅಣ್ಣ. ಅವಳು ಬರಲಿಲ್ಲ, ನಾನು ಬಂದೆ. ಅಮ್ಮನ ಪಕ್ಕದ ಜಾಗ ಖಾಲಿ ಇದೆ. ಇಷ್ಟು ದೂರ ಬಂದು ಬೇಡ ಅಂದ್ರೆ ಅವನಿಗೆ ಹೆಂಗಾಗ್ಬೇಡ?" ಮೇಚೂ ಚೀಲದಿಂದ ಜೋಡುಗಳನ್ನು ತೆಗೆದು ಸೂಲಾನಳ ಕೈಗಿಟ್ಟಳು. "ನಮ್ಮ ದಡದಲ್ಲಿ ನಿಂತು ಅರವತ್ತು ವರ್ಷ ಕೂಗಿದೀನಿ ಅಕ್ಕ. ಈಗ ಅಲ್ಲಿ ದಡವೇ ಇಲ್ಲ. ಕಡಲಿಗೆ ಮಣ್ಣು ಸುರಿದು, ಸಿಮೆಂಟ್ ಗೋಡೆ ಕಟ್ಟಿಬಿಟ್ಟಿದಾರೆ. ಅವನು ಬಂದ್ರೂ ಎಲ್ಲಿಂದ ಹತ್ತಬೇಕು? ಇಲ್ಲಿ ಹತ್ತೋಕೆ ಜಾಗ ಇದೆ. ಮನೆನೂ ಖಾಲಿಯಾಯ್ತು."

ಆಮೇಲೆ ಅವಳು ಕೆಸರಿನಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ, ಬಾಯಿಯ ಎರಡೂ ಬದಿಗೆ ಕೈ ಹಿಡಿದು ಕೂಗಿದಳು. "ಆಖಿಮ್! ಆಖಿಮಣ್ಣಾ! ಇಲ್ಲಿ ಹತ್ತು! ಇಲ್ಲಿ ಅಕ್ಕ ಇದಾಳೆ, ಚಹಾ ಕೊಡ್ತಾಳೆ!" ಎಪ್ಪತ್ತು ದಾಟಿದ ಗಂಟಲಿನಿಂದ ಹನ್ನೆರಡರ ಹುಡುಗಿಯ ದನಿ ಬಂತು. ಮಂಜು ಆ ದನಿಯನ್ನು ಮರಳಿಸಲಿಲ್ಲ, ಒಳಗೆ ಇಟ್ಟುಕೊಂಡಿತು. ದೂರದ ಸಾಲಿನಲ್ಲಿ ಒಂದು ಕಡೆ ನೀರು ಕಲಕಿದ ಸದ್ದಾಯಿತು. ಮೀನಿರಬಹುದು.

ಮಧ್ಯಾಹ್ನದ ದೋಣಿಯಲ್ಲಿ ಮೇಚೂ ಹೋದಳು, ಜಾಡಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು. ಸೂಲಾನ್ ದೋಣಿಕಟ್ಟೆಯಲ್ಲಿ ಅಳಲಿಲ್ಲ. ಮನೆಗೆ ಬಂದು, ಯಾರಿಗೆ ಹೇಳಲಿ ಈ ಸುದ್ದಿ ಅಂದುಕೊಂಡಾಗ ಅಳು ಬಂತು.

ಖಾಲಿ ಗುಡಿಯ ಹೊಸ್ತಿಲಲ್ಲಿ ಜೋಡುಗಳನ್ನಿಟ್ಟಳು. ಸಂಜೆಯ ಚಹಾ ಇಟ್ಟಳು. ಬೆಳಿಗ್ಗೆ ಕುಡಿದು ನೋಡಿದರೆ ಬರೀ ತಣ್ಣನೆ ಚಹಾ. ಮಂಜಿನ ಕಾಲ ಮುಗಿಯಿತು, ಬಿಸಿಲು ಬಂತು, ಜೋಳ ತಲೆದೂಗಿತು. ಚಹಾ ಚಹಾವಾಗಿಯೇ ಇತ್ತು. ಜನ ಅವಳನ್ನು ನೋಡಿ ಅತ್ತೆ ಇಳಿದುಹೋದರು ಅಂದರು. ಹೌದು, ಇಳಿದುಹೋಗಿದ್ದಳು.

ಅಮಾವಾಸ್ಯೆಯ ದೊಡ್ಡ ನೀರು ಬಂದುಹೋದ ಮರುಬೆಳಿಗ್ಗೆ ಅವಳು ಗುಡಿಗೆ ಹೋದಾಗ ಜೋಡುಗಳು ಹೊಸ್ತಿಲಲ್ಲಿ ಇರಲಿಲ್ಲ. ಒಳಗೆ, ಜಾಡಿಯಿದ್ದ ಜಾಗದಲ್ಲಿ, ಜೊತೆಜೊತೆಯಾಗಿ ಕೂತಿದ್ದವು. ನೆನೆದು ಕಪ್ಪಾಗಿದ್ದವು, ಕೆಸರು ತುಂಬಿತ್ತು. ನೀರು ಗುಡಿಯ ತನಕ ಬಂದಿರಲಿಲ್ಲ. ತೀರಕ್ಕೂ ಗುಡಿಗೂ ನಡುವಿನ ಮರಳು ಒಣಗಿಯೇ ಇತ್ತು. ಅವಳು ಬಾಗಿಲು ಹಿಡಿದುಕೊಂಡಳು. ಹಿಡಿದ ಕಡೆಯ ಪಕ್ಕದಲ್ಲೇ ಮರದ ಮೇಲೆ ಒಂದು ಒದ್ದೆ ಅಂಗೈ ಗುರುತಿತ್ತು. ಎಡಗೈ. ಹೆಬ್ಬೆರಳು, ಇನ್ನೆರಡು, ಅಷ್ಟೇ. ಮಿಕ್ಕ ಜಾಗ ಒಣಮರ.

ಲೋಟ ಎತ್ತಿ ಕುಡಿದಳು. ಉಪ್ಪು. ಹಿಂದಿನವನದಕ್ಕಿಂತ ಜಾಸ್ತಿ ಉಪ್ಪು, ಕಹಿಯೆನ್ನಿಸುವಷ್ಟು.

"ಬಂದ್ಯಾ," ಅಂದಳು. "ತುಂಬಾ ತಡ ಮಾಡ್ದೆ ಮಾರಾಯ. ಕೂತ್ಕೋ."

ಚಳಿಗಾಲದ ಕುಲದೂಟಕ್ಕೆ ಎಲ್ಲರೂ ಕುಲದ ಗುಡಿಯಲ್ಲಿ ಸೇರಿದರು. ಬಟ್ಟಲು ಜೋಡಿಸುವಾಗ ಬುನ್‌ಲೈ ಅತ್ತೆಯ ಪಕ್ಕದ ಜಾಗ ನೋಡಿ ತಡೆದ. "ಒಳ್ಳೆಯಣ್ಣನ ಮನೆ ಈ ಸಲದಿಂದ ಇಲ್ಲ. ಬಟ್ಟಲು ತೆಗೀಬೋದಲ್ವಾ ಅತ್ತೆ?"

"ತೆಗೀಬೇಡ. ಆ ಮನೆ ಖಾಲಿ ಇಲ್ಲ."

"ಯಾರಿದಾರೆ?"

"ಹೊಸಬರು."

ಕಿಮ್‌ಸಿಂಗ್ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. "ಹಂಗಾದ್ರೆ ಕೇಳಿಬಿಡಲಿ," ಅಂದ ಮೆಲ್ಲಗೆ. "ಊರಿಗೆ ಸೇರೋರನ್ನ ಕೇಳ್ದೆ ಸೇರಿಸ್ಕೊಳೋಕಾಗಲ್ಲ."

ಸೂಲಾನ್ ಮಂಡಿಯೂರಿ ತುಂಡುಗಳನ್ನು ಹಣೆಗೊತ್ತಿಕೊಂಡಳು. ಹಿಂದಿನವನಿಗೆ ಕೇಳದೆ ನುಂಗಿಕೊಂಡಿದ್ದ ಪ್ರಶ್ನೆಯೊಂದು ಇಷ್ಟು ದಿನ ಅವಳ ಬಾಯಲ್ಲೇ ಉಳಿದಿತ್ತು. ಈಗ ಅದನ್ನು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಇಲ್ಲೇ ನನ್ನ ಜೊತೆ ಇರ್ತೀಯಾ?"

ಒಂದು ಚಪ್ಪಟೆ, ಒಂದು ಉಬ್ಬು. ಮತ್ತೆ ಎಸೆದಳು, ಹಾಗೇ. ಮೂರನೆಯ ಸಲ ಒಂದು ತುಂಡು ಚಪ್ಪಟೆ ಮೈ ಮೇಲಾಗಿ ಬಿತ್ತು, ಇನ್ನೊಂದು ನೆಲದ ಮೇಲೆ ಸುತ್ತುತ್ತಲೇ ಇತ್ತು. ಕೊನೆಗೆ ಉಬ್ಬು ಮೈ ಮೇಲಾಗಿ ಅವಳ ಮೊಣಕಾಲಿಗೆ ತಾಗಿ ನಿಂತಿತು. ಎತ್ತಿಕೊಂಡಾಗ ತುಂಡುಗಳೆರಡೂ ಒದ್ದೆಯಾಗಿದ್ದವು. ಅವಳು ಅವನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಮೇಲಿಟ್ಟಳು. ಬುನ್‌ಲೈ ಬಟ್ಟಲಿಗೆ ಬಿಳಿ ಅನ್ನ ಬಡಿಸಿದ.